ನಿಂತಲ್ಲೇ ತಿರುಗುವ ಯಂತ್ರ

ದೇಹೂ ರೋಡ್, ಪುಣೆ
೧೪ ಜುಲೈ ೨೦೦೨

ಮಾನ್ಯ ಸಭಾಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮುಂದಿನ ಸಾಲಿನ ಹಿರಿಯರೇ, ಹಿಂದಿನ ಸಾಲಿನಲ್ಲಿ ಕುಳಿತು ಚಹಾ ಯಾವಾಗ ಬಂದೀತೆಂದು ಬಾಗಿಲ ಕಡೆ ನೋಡುತ್ತಿರುವ ರಸಿಕರೇ,

ಇಂದು ತಮ್ಮ ಮುಂದೆ ನಾನು ಮಂಡಿಸುವ ವಿಷಯ ಹುಲ್ಲು. ಗಾಬರಿಯಾಗಬೇಡಿ, ಭಾಷಣ ಸಣ್ಣದು. ಸಭೆಯಲ್ಲಿ ಇರುವವನೂ ಒಬ್ಬನೇ. ಅಧ್ಯಕ್ಷನೂ ನೀನೇ, ರಸಿಕನೂ ನೀನೇ, ಈರಬಸಪ್ಪ. ಚಹಾ ಮಾತ್ರ ಜಮಖಂಡಿಯಲ್ಲಿ ನೀನೇ ಮಾಡಿಸಿಕೊಳ್ಳಬೇಕು.

ನಾವಿಬ್ಬರೂ ಇಲ್ಲಿ ಕೂಡಿ ಕೊಂಡ ಹತ್ತು ಗುಂಟೆಯ ಪೈಕಿ ನನ್ನ ಐದು ಗುಂಟೆಯಲ್ಲಿ ಮನೆ ಎದ್ದಿತು, ನಿನ್ನ ಐದು ಗುಂಟೆ ಹಾಗೇ ಉಳಿಯಿತು. ನಡುವೆ ಗೋಡೆ ಬೇಡವೆಂದು ಅಂದು ಮಾತಾಗಿತ್ತಲ್ಲ, ಇವತ್ತಿಗೂ ಗೋಡೆ ಇಲ್ಲ. ನಾನು ನನ್ನ ಭಾಗದಲ್ಲಿ ಲಾನ್ ಹಾಕಿದೆ. ಹುಲ್ಲು ಯಾರ ಅಪ್ಪಣೆಯನ್ನೂ ಕೇಳದೆ ನಿನ್ನ ಭಾಗಕ್ಕೂ ಹರಿದಿದೆ. ಈ ಮಳೆಗೆ ಮೊಳಕಾಲು ಮಟ್ಟ. ಕುಡುಗೋಲು ಹಿಡಿದರೆ ನನ್ನ ಸೊಂಟ, ಬಿಟ್ಟರೆ ನನ್ನ ಮನೆಯಾಕೆ ನೀತಾಳ ಸಂಕಟ.

ಹೋದ ವಾರ ಪುಣೆ ಕ್ಯಾಂಪಿನಲ್ಲಿ ಸುಬ್ಬಯ್ಯನವರ ಪಂಪ್‌ಸೆಟ್ ಅಂಗಡಿಯ ಮೂಲೆಯಲ್ಲಿ ಒಂದು ವಿಚಿತ್ರ ಕಂಡೆ. ಹುಲ್ಲು ಕತ್ತರಿಸುವ ಗಾಡಿ. ಮೇಲೆ ಕೂತು ಓಡಿಸುವುದು. ಯಾವುದೋ ಕಾರ್ಖಾನೆಯ ವಿದೇಶಿ ಇಂಜಿನಿಯರ್ ಊರಿಗೆ ಮರಳುವಾಗ ಬಿಟ್ಟುಹೋದದ್ದಂತೆ. ಅದಕ್ಕೆ ಸ್ಟೀರಿಂಗ್ ಇಲ್ಲ! ಹೆಸರು ಝೀರೋ ಟರ್ನ್, ಅಂದರೆ ನಿಂತ ಜಾಗದಲ್ಲೇ ಗರಗರ ತಿರುಗುತ್ತದೆ. ಸ್ಟೀರಿಂಗ್ ಇಲ್ಲದೆ ಹೇಗಪ್ಪಾ ತಿರುಗೀತು? ಇಪ್ಪತ್ತು ವರ್ಷ ಇಲ್ಲಿನ ಡಿಪೋದಲ್ಲಿ ಯಂತ್ರದ ಹೊಟ್ಟೆಯಲ್ಲಿ ಕೈಯಾಡಿಸಿದ ನಿನ್ನನ್ನು ಕೇಳದೆ ಇನ್ನಾರನ್ನು ಕೇಳಲಿ?

ಇನ್ನೊಂದು ವಿಷಯ. ನಿನ್ನ ಜಾಗ ನೋಡಲು ಸುಂದರ ಎಂಬ ಹೋಟೆಲಿನವರು ಬಂದಿದ್ದರು. ಮಂಗಲ ಕಾರ್ಯಾಲಯ ಕಟ್ಟುತ್ತಾರಂತೆ. ಮದುವೆ, ಬ್ಯಾಂಡು, ನನ್ನ ಕಿಟಕಿಯ ಪಕ್ಕದಲ್ಲೇ ಪಂಕ್ತಿ ಭೋಜನ. ಮಾರುವುದು ಬಿಡುವುದು ನಿನ್ನ ಹಕ್ಕು. ನನ್ನದು ಬರೀ ತಾಂತ್ರಿಕ ಪ್ರಶ್ನೆ. ಯಂತ್ರವನ್ನು ಐದು ಗುಂಟೆಗೆ ನೋಡಲೋ, ಹತ್ತು ಗುಂಟೆಗೆ ನೋಡಲೋ? ಅದರ ಮೇಲೆ ಆಯ್ಕೆ.

ನಿನ್ನ
ಮಾಂತು

*

ಜಮಖಂಡಿ
೬ ಆಗಸ್ಟ್ ೨೦೦೨

ಶ್ರೀ ಮಹಾಂತೇಶ ಅವರಿಗೆ ನಮಸ್ಕಾರ.

ಪತ್ರ ಮುಟ್ಟಿತು. ಸ್ಟೀರಿಂಗ್ ಇಲ್ಲದ ಗಾಡಿ ಇರೂದಿಲ್ಲ. ನೀವು ಸರಿಯಾಗಿ ನೋಡಿಲ್ಲ. ಐದು ಗುಂಟೆಗೆ ಕುಡಗೋಲು ಸಾಕು. ಕೊಯ್ದ ಹುಲ್ಲು ಹಾಕಾಕ ನಿಮ್ಮ ಮನ್ಯಾಗ ಎಮ್ಮಿ ಇಲ್ಲ, ಅದು ಬ್ಯಾರೆ ಮಾತು. ಎಮ್ಮಿ ಇಲ್ಲದಾಂವ ಹುಲ್ಲು ಬೆಳೆಸಿದ್ದು ನಾ ನಿಮ್ಮಲ್ಲೇ ನೋಡಿದ್ದು.

ಜಾಗದ ವಿಚಾರ ಸುಂದರ ಅವರ ಜೋಡಿ ಮಾತಾಗೈತಿ. ದೀಪಾವಳಿ ಆದ ಮ್ಯಾಲ ಕಾಗದಪತ್ರ. ಬಂದು ಇರಲಾರದ ಊರಾಗ ಜಾಗ ಇಟಗೊಂಡು ನಾ ಏನ್ ಮಾಡ್ಲಿ. ನೀವು ಐದು ಗುಂಟೆಗೇ ನೋಡ್ರಿ.

ಇಂತಿ
ಈರಬಸಪ್ಪ

(ಮುಂದಿನ ಗಾಲಿ ಎಂಥಾವು ಅದಾವಂತ ನೀವು ಬರದಿಲ್ಲ.)

*

ದೇಹೂ ರೋಡ್
೧೮ ಆಗಸ್ಟ್ ೨೦೦೨

ಪ್ರಿಯ ಈರಬಸಪ್ಪ,

ನಿನ್ನ ಕಾರ್ಡು ಬಂತು. 'ನೀವು', 'ನಿಮ್ಮಲ್ಲಿ', 'ನೋಡ್ರಿ' ಎಂದು ಓದಿ, ಇದು ನನಗೋ ಡಿಪೋದ ಸಾಹೇಬರಿಗೋ ಎಂದು ವಿಳಾಸ ತಿರುಗಿಸಿ ನೋಡಿದೆ. ನನಗೇ. ಆದರೂ ಬಾಲದಲ್ಲಿ ಒಂದು ಸಾಲಿತ್ತು ನೋಡು, ಮುಂದಿನ ಗಾಲಿಯದು. ಆ ಸಾಲು ಹಿಡಿದುಕೊಂಡು ಮರುದಿನವೇ ಕ್ಯಾಂಪಿಗೆ ಹೋದೆ. ನೀತಾಳೂ ಬಂದಿದ್ದಳು.

ಸುಬ್ಬಯ್ಯನವರು ಕೋಲಾರದ ಕಡೆಯವರು. ಯಂತ್ರದ ಮೇಲಿನ ಧೂಳು ಒರೆಸುತ್ತ, "ನೋಡಿ ಸಾರ್, ಮುಂದಿನ ಚಕ್ರಕ್ಕೂ ಇಂಜಿನ್‌ಗೂ ಸಂಬಂಧಾನೇ ಇಲ್ಲ. ನಿಮ್ಮ ಆಫೀಸ್ ಚೇರಿಗೆ ಇರುತ್ತಲ್ಲ, ಹಾಗೆ ಎಲ್ಲಿಗೆ ಬೇಕಾದ್ರೂ ತಿರುಗಿಕೊಳ್ಳುತ್ತೆ. ಕೆಲಸ ಎಲ್ಲ ಹಿಂದಿನ ಎರಡು ಚಕ್ರದ್ದು. ಎಡಗೈಗೊಂದು ಹಿಡಿಕೆ, ಬಲಗೈಗೊಂದು ಹಿಡಿಕೆ. ಅಷ್ಟೇ" ಎಂದರು.

"ಎಷ್ಟು ಜಾಗಕ್ಕೆ ಇದು?" ಎಂದೆ.

"ಸತ್ಯ ಹೇಳ್ಲಾ? ಐದು ಗುಂಟೆಗೆ ಬೇಡ ಸಾರ್. ತಿರುಗಿಸೋಕೆ ಮುಂಚೆ ಗೋಡೆ ಬಂದುಬಿಡುತ್ತೆ. ತಳ್ಳೋ ಮಷಿನ್ನು ಸಾಕು. ಹತ್ತು ಗುಂಟೆ, ಮಧ್ಯ ಮಧ್ಯ ಗಿಡ, ಕಟ್ಟೆ, ಕಂಬ ಇದ್ರೆ ಆಗ ಇದು ರಾಜ. ಎಲ್ಲದರ ಸುತ್ತ ಸುತ್ತಿ ಬರುತ್ತೆ. ಇಳಿಜಾರು ಮಾತ್ರ ಇರಬಾರದು, ಹುಲ್ಲು ಒದ್ದೆ ಇರಬಾರದು."

ನೀತಾ ಯಂತ್ರವನ್ನು ಒಂದು ಸುತ್ತು ನೋಡಿ, "ನಿಮ್ಮ ಗಡ್ಡಕ್ಕ ಒಂದು ಬ್ಲೇಡ್ ತರ್ರಿ ಅಂದ್ರ ವಾರ ಮಾಡ್ತೀರಿ. ಹುಲ್ಲಿಗೆ ಮೂರು ಬ್ಲೇಡ್ ಬೇಕಾಗ್ಯದ ಏನು?" ಅಂದಳು. ಸುಬ್ಬಯ್ಯ ನಗು ನುಂಗಿಕೊಂಡು, "ಎರಡೇ ಬ್ಲೇಡಮ್ಮಾ" ಎಂದರು.

ಮನೆಗೆ ಬಂದು ಅಂಗಳ ನೋಡಿದೆ. ನನ್ನ ಭಾಗದಲ್ಲಿ ತುಳಸಿಕಟ್ಟೆ, ಬಟ್ಟೆ ಒಣಹಾಕುವ ಎರಡು ಕಂಬ. ನಿನ್ನ ಭಾಗದಲ್ಲಿ ನಿನ್ನ ಮನೆಯಾಕೆ ಸಾವಂತ್ರವ್ವ ನೆಟ್ಟ ಮಾವು, ಈಗ ಅದು ನನ್ನ ಹೆಗಲು ಮುಟ್ಟಿದೆ. ಇಳಿಜಾರು ಇಲ್ಲ. ಅಂದರೆ ಹತ್ತು ಗುಂಟೆಯ ಲೆಕ್ಕ ಹಿಡಿದರೆ ಯಂತ್ರ ನಮಗೆಂದೇ ಹುಟ್ಟಿದ್ದು, ಐದು ಹಿಡಿದರೆ ನೀತಾಳ ಮಾತೇ ಗೆದ್ದದ್ದು.

ಆದರೆ ಎರಡು ಹಿಡಿಕೆಯಿಂದ ಗಾಡಿ ಹೇಗೆ ಹೊರಳುತ್ತದೆ ಎಂಬುದು ನನ್ನ ಬಿ.ಎ. ಪದವಿಗೆ ಇನ್ನೂ ಹೊಳೆದಿಲ್ಲ.

ನಿನ್ನ
ಮಾಂತು

*

ಜಮಖಂಡಿ
೧೫ ಸೆಪ್ಟೆಂಬರ್ ೨೦೦೨

ಮಾಂತು,

ಗಣಪತಿ ಹಬ್ಬದಾಗ ನನ್ನ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಬಂದ್ ಇತ್ತು. ಕುಂತು ವಿಚಾರ ಮಾಡಿದೆ. ಸ್ಟೀರಿಂಗ್ ಇಲ್ಲ ಅನ್ನೂದು ಖರೆ ಇರಬೇಕು, ನಾ ತಪ್ಪು ಬರದಿದ್ದೆ.

ಟ್ರ್ಯಾಕ್ಟರಿಗೆ ಎಡಗಡೆ ಗಾಲಿಗೆ ಒಂದು ಬ್ರೇಕ್, ಬಲಗಡೆ ಗಾಲಿಗೆ ಒಂದು ಬ್ರೇಕ್ ಇರತೈತಿ. ಹೊಲದ ತುದಿಯಾಗ ಎಡಗಡೆ ಬ್ರೇಕ್ ಒತ್ತಿದ್ರ ಟ್ರ್ಯಾಕ್ಟರ್ ಎಡಕ್ಕ ಗಪ್ಪನ ಹೊರಳತೈತಿ. ನಿನ್ನ ಮಶೀನ್‌ದಾಗ ಒಂದೊಂದು ಗಾಲಿಗೆ ಒಂದೊಂದು ಮೋಟರ್ ಕೊಟ್ಟಿರಬೇಕು. ಒಂದು ಗಾಲಿ ಮುಂದ, ಒಂದು ಗಾಲಿ ಹಿಂದ ಹೋದ್ರ ಗಾಡಿ ನಿಂತಲ್ಲೇ ತಿರಗತೈತಿ. ಇದನ್ನ ಮಾಡಿದಾಂವ ಶಾಣ್ಯಾ ಇದ್ದಾನ.

ನಿನಗ ತಿಳಿಯುವಂಗ ಹೇಳ್ತೀನಿ. ನಿಮ್ಮಪ್ಪನ ಜೋಡಿ ನಾವಿಬ್ಬರೂ ಕುಂಟಿ ಹೊಡೀತಿದ್ದಿವಲ್ಲ, ಹೊಲದ ತುದಿಗೆ ಬಂದಾಗ ಎತ್ತು ಹೊರಳಿಸಿದಂಗ. ಎಡಗಡೆ ಹಗ್ಗ ಜಗ್ಗಿದ್ರ ಎಡಗಡೆ ಎತ್ತು ತಡೀತದ, ಬಲಗಡೆದು ಸುತ್ತ ಹಾಕ್ತದ. ಹಿಡಿಕಿ ಅಂತ ತಿಳೀಬ್ಯಾಡ, ಹಗ್ಗ ಅಂತ ತಿಳಿ. ಎತ್ತಿನ ಹಗ್ಗ ಹಿಡದಂಗ ಹಿಡಿ. ಬಂತಂದ್ರ ಬಂತು.

ಇನ್ನೊಂದು ಮಾತು. ಎರಡು ವರ್ಷ ಆತು, ಈಗರೆ ಹೇಳ್ತೀನಿ. ನಾ ಸ್ವಯಂ ನಿವೃತ್ತಿ ತಗೊಂಡ ವರ್ಷ ಕನ್ನಡ ಸಂಘದ ರಾಜ್ಯೋತ್ಸವದಾಗ ನೀ ಸ್ಟೇಜ್ ಮ್ಯಾಲ ನಿಂತು ಓದಿದಿ: "ಇಪ್ಪತ್ತು ವರ್ಷ ಬಿಗಿದಾನ ನಟ್ಟು, ಸಾಹೇಬ ಅಂದ, ಏಳಪ್ಪ, ಗಂಟು ಕಟ್ಟು." ಎಲ್ಲಾರೂ ನಕ್ಕರು. ನನ್ನ ಬಾಜೂಕ ಕುಂತ ಸಾವಂತ್ರವ್ವನೂ ನಕ್ಕಳು. ನೀ ಬರದದ್ದು ಸುಳ್ಳಲ್ಲ. ಸುಳ್ಳಾಗಿದ್ರ ನಾನೂ ನಗತಿದ್ದೆ.

ಇದಕ್ಕ ಉತ್ತರ ಬರೀಬ್ಯಾಡ. ಮಶೀನಿನ ಸುದ್ದಿ ಅಷ್ಟ ಬರಿ.

ಈರಬಸಪ್ಪ

*

ದೇಹೂ ರೋಡ್
೨೯ ಸೆಪ್ಟೆಂಬರ್ ೨೦೦೨

ಈರ್ಯಾ,

ಬರೆಯಬೇಡ ಎಂದಿದ್ದೀ. ಬರೆದೆ, ಹರಿದೆ. ಮಶೀನಿನ ಸುದ್ದಿ ಅಷ್ಟೇ ಬರೆಯುತ್ತೇನೆ.

ನಿನ್ನ ಹಗ್ಗದ ಮಾತು ಓದಿ ಕುರ್ಚಿಯ ಮೇಲೆ ಕೂತು ಎರಡು ಕೈ ಮುಂದೆ ಚಾಚಿ ಅಭ್ಯಾಸ ಮಾಡಿದೆ. ನೀತಾ ಅಡುಗೆಮನೆಯಿಂದ ನೋಡಿ, "ಎತ್ತು ಎಲ್ಲಿಗೆ ಹೊಂಟಾವ್ರಿ?" ಎಂದಳು. "ಜಮಖಂಡಿಗೆ" ಎಂದೆ. "ಬರೂಮುಂದ ಸಾವಂತ್ರಕ್ಕನ್ನ ಕರಕೊಂಡು ಬರ್ರಿ" ಎಂದು ಒಳಗೆ ಹೋದಳು.

ಸುಬ್ಬಯ್ಯನವರು ದೀಪಾವಳಿ ಮುಗಿದ ಮೇಲೆ ಯಂತ್ರವನ್ನು ಟೆಂಪೋದಲ್ಲಿ ತಂದು ಒಂದು ದಿನ ಓಡಿಸಲು ಕೊಡುತ್ತಾರೆ. ಸೇರಿದರೆ ಇಟ್ಟುಕೊಳ್ಳುವುದು. ಗೇಟು ಸಾಕಷ್ಟು ಅಗಲವಿದೆ, ಅಳೆದೆ. ಕೊಳ್ಳುವ ಮುಂಚೆ ಏನೇನು ನೋಡಬೇಕು ಬರೆ.

ಸುಂದರ ಅವರು ನಿನ್ನ ಗಡಿಗುಂಟ ಬಿದಿರಿನ ಗೂಟ ನೆಡಿಸಿ ಹಗ್ಗ ಕಟ್ಟಿಸಿದ್ದಾರೆ. ಅಂಗಳದ ನಡುವೆ ಮೊದಲ ಸಲ ಒಂದು ಗೆರೆ ಬಂತು. ಕಾಗದ ಆಗುವ ಮುಂಚೆಯೇ ಬೋರ್ಡೂ ಬಂದಿದೆ, ಮರಾಠಿಯಲ್ಲಿ: ನಿಯೋಜಿತ ಮಂಗಲ ಕಾರ್ಯಾಲಯ.

ಮಾಂತು

*

ಜಮಖಂಡಿ
೨೦ ಅಕ್ಟೋಬರ್ ೨೦೦೨

ಮಾಂತು,

ಹಳೇ ಮಶೀನ್ ತಗೊಳ್ಳುವಾಗ ಬಣ್ಣ ನೋಡಬ್ಯಾಡ, ಹೊಟ್ಟಿ ನೋಡು. ಕೆಳಗ ಒಂದು ಪೇಪರ್ ಹಾಸಿ ಒಂದು ತಾಸು ಬಿಡು. ಎಣ್ಣಿ ಹನಿ ಬಿತ್ತಂದ್ರ ಪಂಪ್ ಸೋರತೈತಿ, ಬ್ಯಾಡ ಅನ್ನು. ಬೆಲ್ಟ್ ಬೆರಳಿಲೆ ಒತ್ತಿ ನೋಡು, ಬಿರುಕು ಇರಬಾರದು. ಬ್ಲೇಡ್ ಸವದಿದ್ರ ನಾ ಇಲ್ಲೇ ಹರಿತ ಮಾಡಿ ಕಳಸ್ತೀನಿ, ಅದಕ್ಕ ಅಂಜಬ್ಯಾಡ. ಎಲ್ಲಾಕಿಂತ ದೊಡ್ಡದು ಏನಂದ್ರ, ಎರಡೂ ಹಿಡಿಕಿ ಸಮ ಒತ್ತಿ ನೆಟ್ಟಗ ಬಿಡು. ನೆಟ್ಟಗ ಹೋಗಬೇಕು. ಒಂದು ಮೋಟರ್ ದಣದಿದ್ರ ಕುಡದಾಂವ ನಡದಂಗ ಒಂದು ಕಡೆ ಸೊಟ್ಟ ಹೋಗತೈತಿ.

ಇಲ್ಲಿ ಕಬ್ಬಿನ ಸೀಜನ್ ಸುರು ಆಗೈತಿ, ದಿನಾ ಒಂದು ಟ್ರ್ಯಾಕ್ಟರ್ ಹೊಟ್ಟಿ ಬಿಚ್ಚಿ ಕುಂತಿರತೈತಿ. ಆದ್ರೂ ನಡುವ ನಡುವ ನಿನ್ನ ಮಶೀನ್ ನೆನಪಾಗತೈತಿ. ನಿಂತಲ್ಲೇ ತಿರುಗೂದನ್ನ ಒಮ್ಮೆ ಕಣ್ಣಿಲೆ ನೋಡಬೇಕು ಅನಸತೈತಿ. "ಪುಣೆದಾಗಿನ ಹುಲ್ಲಿನ ಚಿಂತಿ ಇಲ್ಲಿ ಯಾಕ?" ಅಂತ ಸಾವಂತ್ರವ್ವ ಅಂತಾಳ.

ಓಡಿಸಿದ ದಿನಾನ ಬರಿ. ಒಂದೂ ಬಿಡದಂಗ ಬರಿ.

ಈರ್ಯಾ

*

ದೇಹೂ ರೋಡ್
೧೦ ನವೆಂಬರ್ ೨೦೦೨

ಈರ್ಯಾ,

ಒಂದೂ ಬಿಡದೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಯಂತ್ರ ಬಂತು. ಪೇಪರ್ ಹಾಸಿದೆ, ಎಣ್ಣೆ ಬೀಳಲಿಲ್ಲ. ಬೆಲ್ಟ್ ಒತ್ತಿದೆ, ಬಿರುಕಿಲ್ಲ. ಸುಬ್ಬಯ್ಯ ನನ್ನನ್ನು ಮೇಲೆ ಕೂಡಿಸಿ ತೋರಿಸಿ, "ನಿಧಾನ ಸಾರ್, ಇದು ಸ್ಕೂಟರ್ ಅಲ್ಲ" ಎಂದು ಹೇಳಿ ಚಹಾ ಕುಡಿಯಲು ಜಗಲಿಕಟ್ಟೆಯ ಮೇಲೆ ಕೂತರು.

ಎರಡೂ ಹಿಡಿಕೆ ಸಮ ಒತ್ತಿದೆ. ನೆಟ್ಟಗೆ ಹೋಯಿತು! ಎಡಗಡೆ ಜಗ್ಗಿದೆ, ಬಲಗಡೆ ಒತ್ತಿದೆ. ಈರ್ಯಾ, ತಿರುಗಿತು. ನಿಂತಲ್ಲೇ, ಬುಗುರಿಯ ಹಾಗೆ. ತುಳಸಿಕಟ್ಟೆಯ ಸುತ್ತ ಒಂದು ಸುತ್ತು, ಕಂಬದ ಸುತ್ತ ಒಂದು ಸುತ್ತು. ಹುಲ್ಲಿನ ಹಸಿ ವಾಸನೆ ಓಣಿಯ ತುಂಬ. ಪಕ್ಕದ ಮನೆಯ ಮರಾಠಿ ಅಜ್ಜಿ ಮಾಳಿಗೆಗೆ ಬಂದು, "ಅಹೋ ಪಹಾ, ಪಹಾ!" ಎಂದು ಎಲ್ಲರನ್ನೂ ನೋಡಲು ಕರೆದರು. ನನಗಂತೂ ಜನ್ಮದಲ್ಲಿ ಮೊದಲ ಸಲ ಒಂದು ಯಂತ್ರ ನನ್ನ ಮಾತು ಕೇಳಿದೆ ಎನ್ನಿಸಿತು.

ಅಷ್ಟರಲ್ಲಿ ಸುಂದರ ಅವರು ಬಂದರು. ಕಾಗದಕ್ಕೆ ಮುಂಚೆ ಇನ್ನೊಮ್ಮೆ ಜಾಗ ನೋಡಲೆಂದು. ಬೋರ್ಡಿನ ಪಕ್ಕ ನಿಂತು ಕೈ ಬೀಸಿದರು. ನಾನು ಆಗ ಹಗ್ಗದ ಈಚೆ, ಅವರಿಗೆ ಬೆನ್ನು ಮಾಡಿ ಹೋಗುತ್ತಿದ್ದೆ. ಎದುರಿಗೆ ಬಟ್ಟೆ ಕಂಬ ಬಂತು. ಗಾಬರಿಯಾಯಿತು. ನಿಲ್ಲಿಸಬೇಕು. ಎತ್ತು ನಿಲ್ಲಿಸಲು ಏನು ಮಾಡುತ್ತೇವೆ? ಎರಡೂ ಹಗ್ಗ ಜಗ್ಗಿ, "ಹೋ! ಹೋ!" ಅಂದೆ.

ಎತ್ತಾಗಿದ್ದರೆ ನಿಲ್ಲುತ್ತಿತ್ತು. ಇದು ಎರಡೂ ಹಿಡಿಕೆ ಜಗ್ಗಿದರೆ ಹಿಂದಕ್ಕೆ ಓಡುವ ಜಾತಿ! ಹೆಚ್ಚು ಜಗ್ಗಿದಷ್ಟೂ ಹೆಚ್ಚು ಹಿಂದಕ್ಕೆ. ಗೂಟ ಲಟಲಟ ಮುರಿದವು. ಹಗ್ಗ ಗಾಲಿಗೆ ಸುತ್ತಿಕೊಂಡು ಮಂಗಲ ಕಾರ್ಯಾಲಯದ ಬೋರ್ಡು ಹುಲ್ಲಿನ ಮೇಲೆ ಅಂಗಾತ ಬಿತ್ತು. ಸುಂದರ ಅವರು ಹಾರಿ ಮಾವಿನ ಗಿಡದ ಆಚೆ ನಿಂತರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

"ಎಂಥ ಮಾರಾಯ್ರೆ ಇದು!" ಎಂದು ಕೂಗಿದರು. "ನಾಳೆ ಇಲ್ಲಿ ದಿಬ್ಬಣ ಬರುವಾಗಲೂ ನೀವು ಹೀಗೇ ಹಿಂದೆ ಬರುವುದಾ?"

"ಎತ್ತಿನ ಅಭ್ಯಾಸ್ರೀ" ಎಂದೆ.

"ಎತ್ತು ಎಲ್ಲಿ ಉಂಟು ಮಾರಾಯ್ರೆ ಇದರಲ್ಲಿ!"

ನೀತಾ ಅವರಿಗೆ ನೀರು ತಂದುಕೊಟ್ಟಳು, ಅವರು ಕುಡಿಯಲಿಲ್ಲ. ಸುಬ್ಬಯ್ಯ ಯಂತ್ರವನ್ನು ಟೆಂಪೋಗೆ ಹತ್ತಿಸುತ್ತ ನನ್ನ ಮುಖವನ್ನೇ ನೋಡುತ್ತಿದ್ದರು.

ಕತ್ತರಿಸಿದ ಹುಲ್ಲಿನ ಗೆರೆ ನನ್ನ ಭಾಗದಿಂದ ನಿನ್ನ ಭಾಗಕ್ಕೆ ನೆಟ್ಟಗೆ ಹೋಗಿದೆ. ಸೊಟ್ಟ ಇಲ್ಲ. ಎರಡೂ ಮೋಟರ್ ಗಟ್ಟಿ ಇವೆ.

ಮಾಂತು

*

ಜಮಖಂಡಿ
೨೪ ನವೆಂಬರ್ ೨೦೦೨

ಮಾಂತ್ಯಾ,

ನಿನ್ನ ಪತ್ರ ಅಂಗಡಿಯಾಗ ನಿಂತು ಓದಿದೆ. ನಕ್ಕು ನಕ್ಕು ನಟ್ಟು ಬಿಚ್ಚೂ ಪಾನಾ ಕೈಬಿಟ್ಟು ಕಾಲ ಮ್ಯಾಲ ಬಿತ್ತು. ಸಾವಂತ್ರವ್ವಗ ಓದಿ ಹೇಳಿದೆ. "ಹೋ ಹೋ" ಅನ್ನೂದನ್ನ ಮೂರು ಸಲ ಓದಿಸಿದ್ಲು. ಎರಡು ವರ್ಷದಾಗ ಇಬ್ಬರೂ ಕೂಡಿ ಹಿಂಗ ನಕ್ಕಿರಲಿಲ್ಲ.

ಆಮ್ಯಾಲ ನಗಿ ನಿಂತು ಕೆಟ್ಟ ಅನಿಸ್ತು. ಸುಂದರ ಅವರು ಫೋನ್ ಮಾಡಿದ್ರು. ಜಾಗ ಬ್ಯಾಡ ಅಂದ್ರು. "ಬಾಜೂಕ ಇಂಥವರು ಇದ್ದರೆ ನನ್ನ ಛತ್ರಕ್ಕೆ ಯಾರು ಬರ್ತಾರೆ?" ಅಂತಾರ. ನಿನ್ನ ಮ್ಯಾಲ ಭಾಳ ಸಿಟ್ಟಿಗೆದ್ದಾರ. ನಾ ಅಂದೆ, ಅವನದೇನೂ ತಪ್ಪಿಲ್ಲರಿ, ತಪ್ಪು ನನ್ನದು.

ಖರೆ ಹೇಳ್ತೀನಿ, ತಪ್ಪು ನನ್ನದ ಐತಿ. ಹೊರಳೂದು ಹೆಂಗಂತ ಹೇಳಿದೆ, ನಿಲ್ಲಸೂದು ಹೆಂಗಂತ ಹೇಳಲಿಲ್ಲ. ಎತ್ತಿನ ಹಗ್ಗ ಅಂತ ತಿಳಿ ಅಂದಾಂವ ನಾನ. ಎರಡೂ ಜಗ್ಗಿದ್ರ ಹಿಂದ ಹೋಗತೈತಿ ಅನ್ನೂದು ನನಗ ಹೊಳೀಬೇಕಿತ್ತು. ಇಪ್ಪತ್ತು ವರ್ಷ ಮಶೀನ್ ರಿಪೇರಿ ಮಾಡಿದಾಂವ ಅರ್ಧಾ ಪಾಠ ಹೇಳಿ ನಿನ್ನ ಕೂಡಿಸಿದೆ. ಯಾರಿಗರೆ ಏನರೆ ಆಗಿದ್ರ?

ಬರೂ ಭಾನುವಾರ ಬಸ್ಸಿಗೆ ಬರ್ತೀನಿ. ಮೊದಲ ಸುಂದರ ಅವರ ಹೋಟೆಲಿಗೆ ಹೋಗಿ ಕೈ ಮುಗಿದು, ನನ್ನಿಂದ ತಪ್ಪಾತ್ರಿ ಅಂತ ಹೇಳ್ತೀನಿ. ಒಪ್ಪಿದ್ರ ಅಲ್ಲೇ ಮಾತು ಮುಗಸ್ತೀನಿ. ಕೊಟ್ಟ ಮಾತು ಹಿಂಗ ಕೆಡಬಾರದು. ಆಮ್ಯಾಲ ನಿಮ್ಮ ಮನಿಗೆ ಬರ್ತೀನಿ. ಸಾವಂತ್ರವ್ವನೂ ಬರ್ತಾಳ.

ಸುಬ್ಬಯ್ಯಗ ಹೇಳು, ಮಶೀನ್ ಮತ್ತೊಮ್ಮೆ ತರಲಿ. ನಿನಗ ನಿಲ್ಲಸೂದು ಕಲಸ್ತೀನಿ.

ನಿನ್ನ
ಈರ್ಯಾ

*

ದೇಹೂ ರೋಡ್
೨೭ ನವೆಂಬರ್ ೨೦೦೨ (ಸ್ಪೀಡ್ ಪೋಸ್ಟ್)

ಪ್ರಿಯ ಈರ್ಯಾ,

ಬೆಳಿಗ್ಗೆ ನಿನ್ನ ಅಂಗಡಿಗೆ ಫೋನ್ ಮಾಡಿದ್ದು ಒಂದು ಮಾತು ಹೇಳಲೆಂದು. ನೀನು ಎತ್ತಿದ ಕೂಡಲೇ "ಹೋ! ಹೋ!" ಎಂದು ನಕ್ಕುಬಿಟ್ಟೆ. ಆ ನಗು ಕೇಳಿದ ಮೇಲೆ ನಾನು ಬರೀ ಬಸ್ಸಿನ ವೇಳೆ ವಿಚಾರಿಸಿ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಪತ್ರ. ಹೊರಡುವ ಮುಂಚೆ ನಿನಗೆ ಮುಟ್ಟಬೇಕು.

ಯಂತ್ರದ ಆಯ್ಕೆಯ ಬಗ್ಗೆ ನನ್ನ ಅಂತಿಮ ಅಭಿಪ್ರಾಯ ಮಂಡಿಸುತ್ತೇನೆ. ಝೀರೋ ಟರ್ನ್ ಯಂತ್ರ ಉತ್ತಮವಾದದ್ದು. ಗಿಡಮರಗಳ ನಡುವೆ ಬಳುಕುತ್ತದೆ, ಕಟ್ಟೆಕಂಬಗಳ ಸುತ್ತ ಸುಳಿಯುತ್ತದೆ. ಅದನ್ನು ನಿಲ್ಲಿಸುವ ವಿಧಾನ ಬಹಳ ಸರಳ: ಎರಡೂ ಹಿಡಿಕೆಗಳನ್ನು ಒತ್ತದೆ, ಜಗ್ಗದೆ ನಡುವೆ ತಂದು ಬಿಡುವುದು. ಬಿಟ್ಟರೆ ನಿಲ್ಲುತ್ತದೆ. ಜಗ್ಗಿದರೆ ಹಿಂದಕ್ಕೆ ಹೋಗುತ್ತದೆ. ಹೀಗಿರುವಾಗ, ಬಳಕೆದಾರನು ಎತ್ತಿನ ನಾಡಿನಿಂದ ಬಂದವನಾದ ಕಾರಣ, ಗಾಬರಿಯ ಗಳಿಗೆಯಲ್ಲಿ, ಪೂರ್ವದ ಅಭ್ಯಾಸಬಲದಿಂದ...

ಬ್ಯಾಡ, ಈರ್ಯಾ. ನನ್ನ ಕೈಲೆ ಆಗವಲ್ದು.

ಮನಿಗೆ ಬಾ. ಜಾಗ ಮಾರೂದಿದ್ರ ಮಾರು, ನಾ ಅಡ್ಡ ಬರೂದಿಲ್ಲ. ಆದ್ರ ಸುಂದರನ ಮುಂದ ನೀ ಕೈ ಮುಗೀಬ್ಯಾಡ. ನಿನ್ನ ಪಾಠದಾಗ ಏನೂ ತಪ್ಪಿರಲಿಲ್ಲ. ಜಗ್ಗಿದ್ರ ಹಿಂದ ಹೋಗ್ತದಂತ ಸುಬ್ಬಯ್ಯ ಅವತ್ತ ಬೆಳಿಗ್ಗೆ ನನ್ನ ಕೂಡಿಸಿ ಹೇಳಿದ್ದ, ಮಾಡಿ ತೋರಿಸಿದ್ದ. ಅದನ್ನ ನಿನಗ ಬರೀಲಿಲ್ಲ. ಕಂಬ ಭಾಳ ದೂರ ಇತ್ತು. ನಾ ಹಿಂದ ಹೊರಳಿ ನೋಡೀನಿ, ಬೋರ್ಡ್ ಎಲ್ಲಿ ಅದ ಅಂತ ನೋಡಿ, ಆಮ್ಯಾಲ ಬೇಕಂತ ಜಗ್ಗೀನಿ.

ಮಾಂತು